ಐತಿಹಾಸಿಕ ಸಾಹಸ ಚಿತ್ರವನ್ನು ತೂಗಿ ನೋಡುವುದು ಹೇಗೆ?

ಕತ್ತಿ, ಕುದುರೆ, ಕೋಟೆ ಇರುವ ಚಿತ್ರ ನೋಡಿ ಹೊರಬಂದವರ ಮಾತು ಸಾಮಾನ್ಯವಾಗಿ ಎರಡೇ ದಾರಿ ಹಿಡಿಯುತ್ತದೆ. "ಸೆಟ್ ಅದ್ಭುತ, ಯುದ್ಧ ನೋಡಿ ಮೈ ಜುಂ ಎಂದಿತು" ಎಂಬುದು ಒಂದು. "ಇತಿಹಾಸವನ್ನೆಲ್ಲ ಹಾಳುಗೆಡವಿದ್ದಾರೆ" ಎಂಬುದು ಇನ್ನೊಂದು. ಎರಡೂ ನಿಜವಿರಬಹುದು. ಆದರೆ ಆ ಚಿತ್ರ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು, ಯಾಕೆ ಸೋತಿತು ಎಂಬುದು ಆ ಮಾತುಗಳಿಂದ ಯಾರಿಗೂ ತಿಳಿಯುವುದಿಲ್ಲ. ಈ ಬಗೆಯ ಚಿತ್ರವನ್ನು ವಿಮರ್ಶೆಗಾಗಿ ನೋಡುವವರಿಗೆ, ಚಿತ್ರ ಸಂಘದಲ್ಲಿ ಚರ್ಚೆ ನಡೆಸುವವರಿಗೆ, ಚಿತ್ರಕಥೆ ಬರೆಯಲು ಕಲಿಯುತ್ತಿರುವವರಿಗೆ ಒಂದು ಕ್ರಮ ಬೇಕು.

ಇಲ್ಲಿ ಹೇಳುವ ಎಲ್ಲ ಹೆಜ್ಜೆಗಳಿಗೂ ಅಳತೆಗೋಲು ಒಂದೇ: ಆ ಕಾಲದ ಅಡಚಣೆಗಳು ಕಥೆಯನ್ನು ನಡೆಸುತ್ತಿವೆಯೇ, ಇಲ್ಲ ಆ ಕಾಲ ಬರೀ ವೇಷವಾಗಿ ನಿಂತಿದೆಯೇ? ಕಬ್ಬಿಣದ ಭಾರ, ದಾರಿಯ ದೂರ, ತಡವಾಗಿ ತಲುಪುವ ಸುದ್ದಿ, ರಾತ್ರಿಯ ಕತ್ತಲು, ವಾಸಿಯಾಗದ ಗಾಯ ಇವೇ ಹಳೆಯ ಕಾಲದ ಬದುಕಿನ ಅಡಚಣೆಗಳು. ಅಡ್ಡಿಯನ್ನು ದಾಟುವುದಕ್ಕೇ ಸಾಹಸ ಎನ್ನುತ್ತೇವೆ. ಅಡ್ಡಿಗಳನ್ನೆಲ್ಲ ಅಳಿಸಿಹಾಕಿದ ಚಿತ್ರದಲ್ಲಿ ಎಷ್ಟೇ ಕತ್ತಿ ಝಳಪಿಸಿದರೂ ಸಾಹಸ ಹುಟ್ಟುವುದಿಲ್ಲ.

ನೋಡುವ ಮೊದಲು ಅರ್ಧ ಗಂಟೆ

ಚಿತ್ರ ಯಾವ ವರ್ಷದಲ್ಲಿ, ಯಾವ ಸೀಮೆಯಲ್ಲಿ ನಡೆಯುತ್ತದೆ ಎಂದು ಮೊದಲು ಬರೆದಿಟ್ಟುಕೊಳ್ಳಿ. "ಹಳೆಯ ಕಾಲ" ಎಂದರೆ ಸಾಲದು, ಕನಿಷ್ಠ ಶತಮಾನ ಗೊತ್ತಿರಬೇಕು. ಆಮೇಲೆ ಚಿತ್ರ ಯಾವ ಜಾತಿಯದು ಎಂದು ಗುರುತಿಸಿ. ನಿಜವಾಗಿ ಬದುಕಿದ್ದ ವ್ಯಕ್ತಿಯ ಕಥೆಯೇ? ನಿಜ ಘಟನೆಯ ನಡುವೆ ಕಲ್ಪಿತ ನಾಯಕನನ್ನು ನಿಲ್ಲಿಸಿದ ಕಥೆಯೇ? ಅಥವಾ ಕಾಲ ಮಾತ್ರ ನಿಜ, ಉಳಿದದ್ದೆಲ್ಲ ಕಲ್ಪನೆಯೇ? ಮೂರಕ್ಕೂ ಅಳತೆ ಬೇರೆ. ಮೊದಲನೆಯದರಲ್ಲಿ ವ್ಯಕ್ತಿ ಮಾಡದ ಪಾಪವನ್ನು ಅವನ ತಲೆಗೆ ಕಟ್ಟಿದರೆ ಅದು ಗಂಭೀರ ದೋಷ. ಮೂರನೆಯದರಲ್ಲಿ ಅಂಥ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ಕೇಳಬೇಕಾದದ್ದು ಆ ಲೋಕ ತನ್ನ ನಿಯಮಗಳಿಗೆ ತಾನು ಬದ್ಧವಾಗಿದೆಯೇ ಎಂದು.

ಒಂದು ಸಣ್ಣ ಚೀಟಿಯಲ್ಲಿ ಆ ಶತಮಾನದಲ್ಲಿ ಇದ್ದದ್ದು, ಇರದದ್ದು ಪಟ್ಟಿ ಮಾಡಿ. ಐದಾರು ತಾರೀಕು ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು. ಸವಾರನ ಕಾಲಿಗೆ ಆಧಾರವಾಗುವ ಜೋಡಿ ರಿಕಾಪು ಚೀನಾದಲ್ಲಿ 4ನೇ ಶತಮಾನದ ಹೊತ್ತಿಗೆ ಕಾಣಿಸುತ್ತದೆ, ಯುರೋಪಿಗೆ ಬಂದದ್ದು ಅದಕ್ಕೂ ತಡವಾಗಿ. ಹಾಗಾಗಿ ಜೂಲಿಯಸ್ ಸೀಸರನ ಅಶ್ವದಳ ರಿಕಾಪಿನಲ್ಲಿ ಕಾಲಿಟ್ಟು ಓಡಿದರೆ ಅದು ಕಾಲದೋಷ. ಆದರೆ ಸವಾರರು ಸುರಕ್ಷಿತವಾಗಿರಲಿ ಎಂದು ಚಿತ್ರೀಕರಣದಲ್ಲಿ ಬೇಕೆಂದೇ ರಿಕಾಪು ಇಡುವುದುಂಟು ಎಂಬುದು ಗೊತ್ತಿದ್ದರೆ ಅದಕ್ಕಾಗಿ ಚಿತ್ರವನ್ನು ಹೀಯಾಳಿಸುವುದಿಲ್ಲ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಮೆಕ್ಕೆಜೋಳ, ತಂಬಾಕು ಇವೆಲ್ಲ ಅಮೆರಿಕ ಖಂಡದ ಬೆಳೆಗಳು. 1492ಕ್ಕೆ ಮೊದಲಿನ ಯುರೋಪಿನ ಅಥವಾ ಏಷ್ಯಾದ ಔತಣದ ಮೇಜಿನ ಮೇಲೆ ಇವು ಇರಲಾರವು. ಯುರೋಪಿನಲ್ಲಿ ಅಚ್ಚುಮೊಳೆಯ ಮುದ್ರಣ ನೆಲೆಯಾದದ್ದು 1450ರ ದಶಕದಲ್ಲಿ. ದೂರದರ್ಶಕದ ಮೊದಲ ದಾಖಲೆ 1608ರ ನೆದರ್ಲೆಂಡ್ಸಿನದು, ಆದ್ದರಿಂದ 1550ರ ಹಡಗಿನ ಕಪ್ತಾನ ಕೊಳವೆ ಹಿಡಿದು ದಿಗಂತ ನೋಡುವಂತಿಲ್ಲ. ಸ್ಯಾಮ್ಯುಯೆಲ್ ಕೋಲ್ಟ್‌ನ ರಿವಾಲ್ವರ್‌ಗೆ ಪೇಟೆಂಟ್ ಸಿಕ್ಕಿದ್ದು 1836ರಲ್ಲಿ. ಅದಕ್ಕೆ ಮೊದಲಿನ ಕಥೆಯಲ್ಲಿ ಸಾಮಾನ್ಯ ಪಿಸ್ತೂಲಿನಿಂದ ಎರಡನೇ ಗುಂಡು ಹಾರಿದರೆ, ನಡುವೆ ಮದ್ದು ತುಂಬಿದ್ದು ಕಾಣಲೇಬೇಕು.

ಟ್ರೇಲರ್ ನೋಡಬೇಡಿ. ಸಾಹಸ ಚಿತ್ರದ ಟ್ರೇಲರ್‌ನಲ್ಲಿ ಅತಿ ದೊಡ್ಡ ಶಾಟ್‌ಗಳನ್ನೇ ತುರುಕಿರುತ್ತಾರೆ. ಅವು ಯಾವಾಗ ಬರುತ್ತವೋ ಎಂದು ಕಾಯುತ್ತ ಕುಳಿತರೆ ಕಥೆಯ ಹದ ತಪ್ಪುತ್ತದೆ.

ಮೊದಲ ಸಲ ಸುಮ್ಮನೆ ನೋಡಿ

ನಿಲ್ಲಿಸದೆ, ಹಿಂದಕ್ಕೆ ಓಡಿಸದೆ, ಫೋನ್ ಬದಿಗಿಟ್ಟು ಒಂದು ಸಲ ಪೂರ್ತಿ ನೋಡಿ. ಬರೆದುಕೊಳ್ಳಲೇಬೇಕಿದ್ದರೆ ಎರಡೇ ಗುರುತು ಸಾಕು: ಉಸಿರು ಬಿಗಿಹಿಡಿದ ಕಡೆ ಒಂದು ಗೆರೆ, ಮನಸ್ಸು ಬೇರೆಲ್ಲೋ ಹೋದ ಕಡೆ ಒಂದು ಸೊನ್ನೆ, ಪಕ್ಕದಲ್ಲಿ ಅಂದಾಜು ನಿಮಿಷ. ತಪ್ಪು ಹುಡುಕುವ ಕಣ್ಣು ಮೊದಲ ನೋಟದಲ್ಲೇ ತೆರೆದರೆ ಚಿತ್ರದ ಓಟ ಕೈತಪ್ಪುತ್ತದೆ, ಆಮೇಲೆ ಅದನ್ನು ಎಂದೂ ಮರಳಿ ಪಡೆಯಲಾಗದು. ಗೆರೆ ಬಿದ್ದ ಜಾಗ, ಸೊನ್ನೆ ಬಿದ್ದ ಜಾಗ ಯಾವುವು ಎಂಬುದೇ ಎರಡನೇ ನೋಟಕ್ಕೆ ನಕ್ಷೆ.

ಮುಗಿದ ಅದೇ ದಿನ ಕಥೆಯನ್ನು ಐದು ವಾಕ್ಯದಲ್ಲಿ ಬರೆಯಿರಿ. ವಾಕ್ಯಗಳ ನಡುವೆ "ಆದ್ದರಿಂದ" ಅಥವಾ "ಆದರೆ" ಕೂರುತ್ತದೆಯೋ, ಬರೀ "ಆಮೇಲೆ" ಮಾತ್ರ ಕೂರುತ್ತದೆಯೋ ನೋಡಿ. "ನಾಯಕ ನಕ್ಷೆ ಕದ್ದ, ಆಮೇಲೆ ಹಡಗು ಹತ್ತಿದ, ಆಮೇಲೆ ಮರುಭೂಮಿಯಲ್ಲಿ ಕಾದಾಡಿದ" ಎಂದಾದರೆ ಚಿತ್ರ ಒಂದು ತಾಣದಿಂದ ಇನ್ನೊಂದು ತಾಣಕ್ಕೆ ನೆಗೆಯುತ್ತಿದೆ, ಅಷ್ಟೆ. ಸಾಹಸ ಚಿತ್ರಗಳ ಅತಿ ಸಾಮಾನ್ಯ ರೋಗ ಇದು. ಕಾರಣವೂ ಸರಳ: ದೊಡ್ಡ ದೃಶ್ಯಗಳನ್ನು ಮೊದಲೇ ಯೋಜಿಸಿ, ಅವುಗಳನ್ನು ಪೋಣಿಸಲು ದಾರ ಆಮೇಲೆ ಹುಡುಕುತ್ತಾರೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಕಟುವಾದದ್ದು. ಅದೇ ಕಥೆಯನ್ನು ಇವತ್ತಿಗೆ ತನ್ನಿ. ಕುದುರೆಯ ಬದಲು ಕಾರು, ಓಲೆಯ ಬದಲು ಫೋನ್ ಇಡಿ. ಒಂದೇ ಒಂದು ತಿರುವೂ ಬದಲಾಗದೆ ಕಥೆ ನಡೆದರೆ ಆ ಶತಮಾನ ಅಲ್ಲಿ ಅಲಂಕಾರಕ್ಕೆ ಮಾತ್ರ ಇದೆ. ಸಂಧಿಯಾಗಿದೆ ಎಂಬ ಸುದ್ದಿ ಗಡಿ ತಲುಪಲು ಹನ್ನೆರಡು ದಿನ ಬೇಕು, ಅಷ್ಟರಲ್ಲಿ ನಾಯಕ ನಡೆಸಿದ ಕಾಳಗ ಅಪರಾಧವಾಗಿಬಿಟ್ಟಿದೆ ಎಂಬ ತಿರುವು ಇದ್ದರೆ ಆ ಕಥೆ ಫೋನ್ ಇರುವ ಕಾಲದಲ್ಲಿ ನಡೆಯಲಾರದು. ಅದು ನಿಜವಾದ ಐತಿಹಾಸಿಕ ಕಥೆ, ಪಾತ್ರಗಳೆಲ್ಲ ಕಲ್ಪಿತವಾಗಿದ್ದರೂ ಸರಿ.

ಒಂದು ಕಾಳಗವನ್ನು ಬಿಡಿಸಿ ನೋಡುವುದು

ಎರಡನೇ ನೋಟದಲ್ಲಿ ಇಡೀ ಚಿತ್ರಕ್ಕಿಂತ ಒಂದೇ ಒಂದು ಆಕ್ಷನ್ ದೃಶ್ಯಕ್ಕೆ ಹೆಚ್ಚು ಹೊತ್ತು ಕೊಡಿ. ನಡುಭಾಗದ ದೃಶ್ಯ ಆರಿಸಿಕೊಳ್ಳಿ. ಕೊನೆಯ ಮಹಾಯುದ್ಧಕ್ಕೆ ಹಣ, ದಿನ ಎರಡೂ ಧಾರಾಳವಾಗಿ ಸಿಕ್ಕಿರುತ್ತದೆ. ತಂಡದ ನಿಜವಾದ ಕಸುಬು ಕಾಣುವುದು ನಡುವಿನ ಸಣ್ಣ ಕಾಳಗದಲ್ಲಿ.

ಹೀಗೊಂದು ದೃಶ್ಯ ಇದೆ ಎಂದಿಟ್ಟುಕೊಳ್ಳಿ: ರಾತ್ರಿ, ಕೋಟೆಯ ಕಂದಕದ ಮೇಲೆ ಮರದ ಸೇತುವೆ, ಬಾಗಿಲಲ್ಲಿ ಹನ್ನೆರಡು ಕಾವಲುಗಾರರು, ನಾಯಕನ ಕಡೆ ಐದು ಜನ. ದೃಶ್ಯದ ಉದ್ದ 90 ಸೆಕೆಂಡು.

ಮೊದಲು ಶಾಟ್ ಎಣಿಸಿ. 90 ಸೆಕೆಂಡಿನಲ್ಲಿ 60 ಶಾಟ್ ಇದ್ದರೆ ಒಂದಕ್ಕೆ ಒಂದೂವರೆ ಸೆಕೆಂಡು, 18 ಇದ್ದರೆ ಐದು ಸೆಕೆಂಡು. ವೇಗದ ಕತ್ತರಿ ತಾನಾಗಿಯೇ ದೋಷವಲ್ಲ. ಏಟು ಬೀಳುವ ಚಣಕ್ಕೆ ಮುಂಚೆಯೇ ಪ್ರತಿ ಸಲ ಕಟ್ ಆಗುತ್ತಿದ್ದರೆ ಮಾತ್ರ ಅನುಮಾನ ಪಡಬೇಕು. ಒಂದೋ ನಟನಿಗೆ ಕತ್ತಿ ಹಿಡಿಯುವ ತಾಲೀಮು ಸಾಲದು, ಇಲ್ಲವೇ ಸ್ಟಂಟ್ ಕಲಾವಿದರ ಮುಖ ಮರೆಮಾಡಬೇಕಿತ್ತು. ಕ್ಯಾಮೆರಾ ಕುಲುಕಾಟವೂ ಅದೇ ಕೆಲಸಕ್ಕೆ ಬರುತ್ತದೆ. ನಟನ ಮುಖ, ಕೈ, ಎದುರಾಳಿ ಮೂರೂ ಒಂದೇ ಚೌಕಟ್ಟಿನಲ್ಲಿ ಮೂರು ನಾಲ್ಕು ಪಟ್ಟು ಮುಗಿಯುವ ತನಕ ನಿಂತಿದ್ದರೆ ಅದು ತಿಂಗಳುಗಟ್ಟಲೆ ತಾಲೀಮಿನ ಫಲ. ವಿಮರ್ಶೆಯಲ್ಲಿ ಅದಕ್ಕೆ ಮನ್ನಣೆ ಸಿಗಲೇಬೇಕು.

ಎರಡನೆಯದಾಗಿ, ಧ್ವನಿ ಪೂರ್ತಿ ತೆಗೆದು ಅದೇ ದೃಶ್ಯ ನೋಡಿ, ಕಾಗದದ ಮೇಲೆ ಸೇತುವೆ, ಬಾಗಿಲು, ಪಂಜು ಇರುವ ಜಾಗ ಬರೆಯಲು ಯತ್ನಿಸಿ. ನಕ್ಷೆ ಬರೆಯಲಾದರೆ ನಿರ್ದೇಶಕರು ಜಾಗವನ್ನು ನಮ್ಮ ಕೈಗೆ ಕೊಟ್ಟಿದ್ದಾರೆ ಎಂದರ್ಥ. ಬರೆಯಲಾಗದಿದ್ದರೆ ಹೆಚ್ಚಿನ ಸಲ ಕಾರಣ ಎರಡು: ಆರಂಭದಲ್ಲಿ ಇಡೀ ಜಾಗ ತೋರಿಸುವ ವೈಡ್ ಶಾಟ್ ಇಲ್ಲ, ಅಥವಾ ಕ್ಯಾಮೆರಾ ಇಬ್ಬರು ಎದುರಾಳಿಗಳನ್ನು ಸೇರಿಸುವ ಕಾಲ್ಪನಿಕ ಗೆರೆಯನ್ನು, ಅಂದರೆ ಅಕ್ಷರೇಖೆಯನ್ನು ದಾಟಿದೆ. ಎಡದಿಂದ ಬಲಕ್ಕೆ ನುಗ್ಗುತ್ತಿದ್ದವನು ಮರುಶಾಟ್‌ನಲ್ಲಿ ಬಲದಿಂದ ಎಡಕ್ಕೆ ಓಡಿದರೆ, ಅವನು ಓಡಿಹೋಗುತ್ತಿದ್ದಾನೆ ಎಂದೇ ಕಣ್ಣಿಗೆ ಅನ್ನಿಸುತ್ತದೆ.

ಮೂರನೆಯದು ಲೆಕ್ಕ. ಹನ್ನೆರಡು ಜನರಲ್ಲಿ ಎಷ್ಟು ಮಂದಿ ಬಿದ್ದರು? ಹದಿನೇಳು ಬಿದ್ದರೆ ಉಳಿದ ಐವರು ಎಲ್ಲಿಂದ ಬಂದರು? ಬಾಣಗಳನ್ನೂ ಎಣಿಸಿ. ಇಂಗ್ಲಿಷ್ ಬಿಲ್ಲುಗಾರರ ಒಂದು ಕಟ್ಟಿನಲ್ಲಿ ಇರುತ್ತಿದ್ದದ್ದು 24 ಬಾಣ. ಲೆಕ್ಕ ಇರುವ ಕಡೆ ಭಯ ಇರುತ್ತದೆ, ಯಾಕೆಂದರೆ ಬತ್ತಳಿಕೆ ಬರಿದಾಗುವುದನ್ನು ನೋಡುವವರೂ ಎಣಿಸುತ್ತಿರುತ್ತಾರೆ. ಇದಕ್ಕೆ ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ 1954ರ 'ಸೆವೆನ್ ಸಮುರಾಯ್'ಗಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ಹಳ್ಳಿಯ ಮೇಲೆ ಬೀಳುವ ಡಕಾಯಿತರು ನಲವತ್ತು ಜನ. ಹಳ್ಳಿಯನ್ನು ಕಾಯಲು ನಿಂತ ಸಮುರಾಯ್ ಯೋಧರ ನಾಯಕ ಕಾಗದದ ಮೇಲೆ ಅಷ್ಟೂ ಸುತ್ತು ಬರೆದಿಟ್ಟು, ಒಬ್ಬೊಬ್ಬ ಸತ್ತಂತೆ ಒಂದೊಂದನ್ನು ಹೊಡೆದುಹಾಕುತ್ತ ಹೋಗುತ್ತಾನೆ. ಮಳೆ, ಕೆಸರು, ಗದ್ದಲದ ನಡುವೆಯೂ ಇನ್ನು ಎಷ್ಟು ಮಂದಿ ಉಳಿದಿದ್ದಾರೆ ಎಂಬುದು ನಮಗೆ ಗೊತ್ತಿರುತ್ತದೆ. ಒಂದು ಕಾಗದದ ತುಂಡು ಅಷ್ಟು ಕೆಲಸ ಮಾಡುತ್ತದೆ.

ಹಿನ್ನೆಲೆಯಲ್ಲಿರುವ ಎದುರಾಳಿಗಳ ಮೇಲೂ ಕಣ್ಣಿಡಿ. ನಾಯಕ ಒಬ್ಬನ ಜೊತೆ ಕಾದುವಾಗ ಉಳಿದ ನಾಲ್ವರು ಸುತ್ತ ನಿಂತು ಕತ್ತಿ ಅಲ್ಲಾಡಿಸುತ್ತ ಸರದಿಗೆ ಕಾಯುತ್ತಿದ್ದರೆ ಅದು ಸಂಯೋಜನೆಯ ಸೋಮಾರಿತನ. ನಮ್ಮ ಸೇತುವೆ ಇಕ್ಕಟ್ಟಾಗಿದ್ದು, ಒಬ್ಬೊಬ್ಬರೇ ಬರಬೇಕಾದ ಕಾರಣ ಕಣ್ಣಿಗೆ ಕಂಡರೆ ಅದೇ ಸಂಗತಿ ದೃಶ್ಯದ ಬಲವಾಗುತ್ತದೆ. ಇಕ್ಕಟ್ಟು ಒಂದು ಅಡಚಣೆ, ನಾಯಕ ಅದನ್ನು ತನ್ನ ಪರವಾಗಿ ತಿರುಗಿಸಿಕೊಂಡಿದ್ದಾನೆ.

ಕೊನೆಗೆ ಗಾಯದ ಪಟ್ಟಿ. ಯಾರಿಗೆ ಎಲ್ಲಿ ಪೆಟ್ಟಾಯಿತು ಎಂದು ಬರೆದಿಟ್ಟು, ಮುಂದಿನ ಹತ್ತು ನಿಮಿಷದ ಚಿತ್ರ ನೋಡಿ. ಎಡಭುಜಕ್ಕೆ ಬಾಣ ನೆಟ್ಟವನು ಮರುದಿನ ಎರಡೂ ಕೈಯಲ್ಲಿ ಹಗ್ಗ ಹಿಡಿದು ಗೋಡೆ ಹತ್ತಿದರೆ, ಹಿಂದಿನ ಕಾಳಗವೂ ಸುಳ್ಳಾಗುತ್ತದೆ, ಮುಂದಿನದರಲ್ಲೂ ಭಯ ಉಳಿಯುವುದಿಲ್ಲ. ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ನಂಜುನಿರೋಧಕ ವಿಧಾನವನ್ನು ಪ್ರಕಟಿಸಿದ್ದು 1867ರಲ್ಲಿ, ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ. ಅದಕ್ಕೆ ಮೊದಲಿನ ಯಾವ ಕಥೆಯಲ್ಲೂ ಆಳವಾದ ಗಾಯ ಎಂದರೆ ಕೀವು, ಜ್ವರ, ಬಹುಶಃ ಸಾವು. ಮುಳ್ಳುಮೊನೆಯ ಬಾಣವನ್ನು ಹಿಡಿದು ಎಳೆದರೆ ಅದು ಒಳಗಿನದನ್ನೆಲ್ಲ ಹರಿದುಕೊಂಡು ಬರುತ್ತದೆ. ಹಲ್ಲು ಕಚ್ಚಿ ಒಂದೇ ಎಳೆತಕ್ಕೆ ಕಿತ್ತೆಸೆಯುವ ದೃಶ್ಯಕ್ಕೆ ಚಪ್ಪಾಳೆ ಬಿದ್ದೀತು, ಅಂಕ ಬೀಳಬಾರದು.

ಭಾರ, ದೂರ, ಹೊತ್ತು

ಈ ಮೂರನ್ನು ಪರೀಕ್ಷಿಸಲು ಇತಿಹಾಸದ ಪದವಿ ಬೇಡ, ಸಣ್ಣ ಲೆಕ್ಕ ಸಾಕು.

ಭಾರದಿಂದ ಶುರುಮಾಡೋಣ. ಒಂಟಿಕೈ ಕತ್ತಿ ಸಾಮಾನ್ಯವಾಗಿ 1ರಿಂದ 1.5 ಕಿಲೋ ತೂಗುತ್ತಿತ್ತು. ಹತ್ತು ಕಿಲೋ ಕತ್ತಿ ಎಂಬುದು ಕಟ್ಟುಕಥೆ. ಅಡಿಯಿಂದ ಮುಡಿವರೆಗಿನ ಉಕ್ಕಿನ ತಗಡಿನ ಕವಚ 15ರಿಂದ 25 ಕಿಲೋ, ಅದೂ ಮೈಮೇಲೆಲ್ಲ ಹಂಚಿಹೋಗಿರುತ್ತದೆ. ಅದನ್ನು ತೊಟ್ಟವನು ಓಡಬಲ್ಲ, ಬಿದ್ದರೆ ಏಳಬಲ್ಲ, ಕುದುರೆ ಏರಬಲ್ಲ. ಕವಚಧಾರಿಯನ್ನು ರಾಟೆ ಹಾಕಿ ಕುದುರೆಯ ಮೇಲೆ ಕೂರಿಸುವ ದೃಶ್ಯ ಎಷ್ಟು ತಪ್ಪೋ, ಅದೇ ಕವಚವನ್ನು ಕತ್ತಿ ಬೆಣ್ಣೆಯಂತೆ ಸೀಳುವ ದೃಶ್ಯವೂ ಅಷ್ಟೇ ತಪ್ಪು. ಉಕ್ಕಿನ ತಗಡನ್ನು ಕತ್ತಿಯಿಂದ ಕತ್ತರಿಸಲಾಗದು. ಅದಕ್ಕೇ ಕಂಕುಳು, ಕುತ್ತಿಗೆ, ಮಂಡಿಯ ಹಿಂಭಾಗದ ಸಂದುಗಳಿಗೆ ಚುಚ್ಚುತ್ತಿದ್ದರು, ಸುತ್ತಿಗೆ, ಗದೆ ಬಳಸುತ್ತಿದ್ದರು. ಚಿತ್ರ ಈ ಸಂದು ಹುಡುಕುವ ಆಟವನ್ನು ತೋರಿಸಿದರೆ ಕಾಳಗಕ್ಕೆ ಬುದ್ಧಿ ಬರುತ್ತದೆ. ಒಂದೇ ಬೀಸಿಗೆ ಮೂವರು ಕವಚಧಾರಿಗಳು ಉರುಳಿದರೆ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ಹಾಗಾದರೆ ಅದನ್ನು ತೊಟ್ಟದ್ದು ಯಾಕೆ?

1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ 'ಮೇರಿ ರೋಸ್' ಎಂಬ ಇಂಗ್ಲಿಷ್ ಯುದ್ಧಹಡಗಿನಲ್ಲಿ ಸಿಕ್ಕ ಉದ್ದಬಿಲ್ಲುಗಳ ಸೆಳೆತ 100 ಪೌಂಡಿಗೂ ಮೇಲೆ, ಅಂದರೆ 45 ಕಿಲೋಗೂ ಹೆಚ್ಚು ಎಂದು ತಜ್ಞರ ಅಂದಾಜು. ಅಂಥ ಬಿಲ್ಲನ್ನು ಕಿವಿಯವರೆಗೆ ಎಳೆದು, ಸೇನಾಪತಿಯ ಭಾಷಣ ಮುಗಿಯುವ ತನಕ ಹಾಗೇ ಹಿಡಿದು ನಿಲ್ಲುವುದು ಯಾವ ತೋಳಿಗೂ ಆಗದು. ಸಾಲಾಗಿ ನಿಂತ ಬಿಲ್ಲುಗಾರರ ಕೈ ನಡುಗದೆ ಹತ್ತು ಸೆಕೆಂಡು ನಿಂತರೆ ಕೈಯಲ್ಲಿರುವುದು ಆಟಿಕೆ ಎಂದು ನೋಡುವವರ ಮೈಗೇ ತಿಳಿದುಬಿಡುತ್ತದೆ.

ಸಾಹಸ ಚಿತ್ರದ ಅಚ್ಚುಮೆಚ್ಚಿನ ವಸ್ತು ನಿಧಿಯ ಪೆಟ್ಟಿಗೆ. 40 ಸೆಂ.ಮೀ. ಉದ್ದ, 30 ಅಗಲ, 25 ಎತ್ತರದ ಪೆಟ್ಟಿಗೆಯಲ್ಲಿ 30 ಲೀಟರ್ ಜಾಗ. ಬಂಗಾರ ನೀರಿಗಿಂತ 19 ಪಟ್ಟು ಭಾರ. ನಾಣ್ಯಗಳ ನಡುವಿನ ಸಂದು ಕಳೆದರೂ ತುಂಬಿದ ಪೆಟ್ಟಿಗೆ 300 ಕಿಲೋ ದಾಟುತ್ತದೆ. ಇಬ್ಬರು ಅದನ್ನು ಎತ್ತಿಕೊಂಡು ಗುಹೆಯಿಂದ ಓಡಿಬಂದರೆ ಭೌತಶಾಸ್ತ್ರ ಕೆಟ್ಟಿತು ಎಂಬುದು ಸಣ್ಣ ಮಾತು. ಸಿಕ್ಕ ನಿಧಿಯನ್ನು ಸಾಗಿಸುವುದು ಹೇಗೆ, ಎಷ್ಟು ಬಿಟ್ಟುಹೋಗುವುದು, ಯಾರನ್ನು ನಂಬುವುದು ಎಂಬ ಸೊಗಸಾದ ಅರ್ಧ ಗಂಟೆಯ ಕಥೆಯನ್ನೇ ಬರಹಗಾರರು ಕೈಚೆಲ್ಲಿದ್ದಾರೆ. ದೋಷವನ್ನು ಹೀಗೆ ಹೇಳಬೇಕು.

ದೂರಕ್ಕೆ ಬಂದರೆ, ಕುದುರೆ ನಾಗಾಲೋಟದಲ್ಲಿ ಗಂಟೆಗೆ 40ರಿಂದ 48 ಕಿ.ಮೀ. ಓಡೀತು, ಆದರೆ ಕೆಲವೇ ಕಿಲೋಮೀಟರು. ಇಡೀ ದಿನದ ಸವಾರಿ 50 ಕಿ.ಮೀ. ಆಸುಪಾಸು. ಕಾಲಾಳುಗಳ ಸೇನೆ ದಿನಕ್ಕೆ 15ರಿಂದ 25 ಕಿ.ಮೀ. ನಡೆದರೆ ಹೆಚ್ಚು. ಹಾಯಿಹಡಗು 6 ನಾಟ್ (ಗಂಟೆಗೆ ಸುಮಾರು 11 ಕಿ.ಮೀ.) ವೇಗದಲ್ಲಿ ಬಿಡದೆ ಸಾಗಿದರೆ ದಿನರಾತ್ರಿ ಸೇರಿ ಸುಮಾರು 265 ಕಿ.ಮೀ. ಚಿತ್ರದಲ್ಲಿ ಬರುವ ಊರುಗಳನ್ನು ಭೂಪಟದಲ್ಲಿ ಅಳೆದು ಈ ಸಂಖ್ಯೆಗಳಿಂದ ಭಾಗಿಸಿ. 300 ಕಿ.ಮೀ. ದೂರದ ರಾಜಧಾನಿಗೆ ನಾಯಕ ಒಂದೇ ರಾತ್ರಿಯಲ್ಲಿ ಒಂದೇ ಕುದುರೆಯ ಮೇಲೆ ಮುಟ್ಟಿದರೆ ದೂರ ಎಂಬುದಕ್ಕೆ ಆ ಕಥೆಯಲ್ಲಿ ಬೆಲೆಯೇ ಉಳಿಯಲಿಲ್ಲ. ಮಂಗೋಲರು ದಾರಿಯುದ್ದಕ್ಕೂ ಠಾಣೆ ಇಟ್ಟು ಕುದುರೆ ಬದಲಿಸುವ ಏರ್ಪಾಡು ಮಾಡಿಕೊಂಡದ್ದು ಇದೇ ಕಾರಣಕ್ಕೆ. ಕುದುರೆ ಬದಲಿಸುವ ಒಂದು ಸಣ್ಣ ದೃಶ್ಯ ಇದ್ದರೂ ಸಾಕು, ಆ ರಾತ್ರಿಯ ಸವಾರಿಯನ್ನು ನಾವು ನಂಬುತ್ತೇವೆ.

ಹೊತ್ತಿನ ವಿಚಾರ ಬಂದೂಕಿನಲ್ಲಿ ಚೆನ್ನಾಗಿ ತಿಳಿಯುತ್ತದೆ. 18ನೇ ಶತಮಾನದ ಪಳಗಿದ ಸಿಪಾಯಿ ಚಕಮಕಿ ಬಂದೂಕಿನಿಂದ ನಿಮಿಷಕ್ಕೆ ಮೂರು ಗುಂಡು ಹಾರಿಸುತ್ತಿದ್ದ. ನೂರು ಮೀಟರ್ ಆಚೆ ಗುರಿಯ ಭರವಸೆ ಇರಲಿಲ್ಲ. ಎರಡು ಗುಂಡುಗಳ ನಡುವಿನ ಆ ಇಪ್ಪತ್ತು ಸೆಕೆಂಡೇ ಒಳ್ಳೆಯ ನಿರ್ದೇಶಕರ ಬಂಡವಾಳ: ಎದುರಾಳಿ ಓಡಿಬರುತ್ತಿದ್ದಾನೆ, ಇವನು ಇನ್ನೂ ಸಲಾಕೆಯಿಂದ ನಳಿಗೆಗೆ ಮದ್ದು ಗಿಡಿಯುತ್ತಿದ್ದಾನೆ. ಫಿರಂಗಿಯ ಬಗ್ಗೆ ಒಂದು ಮಾತು. ಗಟ್ಟಿ ಕಬ್ಬಿಣದ ಗುಂಡು ಸಿಡಿಯುವುದಿಲ್ಲ. ಅದು ನೆಲಕ್ಕೆ ಬಡಿದು ಪುಟಿಯುತ್ತ ಸಾಲುಗಳನ್ನು ಸೀಳಿಕೊಂಡು ಹೋಗುತ್ತದೆ. ಬಿದ್ದಲ್ಲೆಲ್ಲ ಬೆಂಕಿಯ ಚೆಂಡು ಎದ್ದರೆ ಅದು ಪೆಟ್ರೋಲಿನ ಕೆಲಸ.

ಎಲ್ಲ ತಪ್ಪೂ ಒಂದೇ ತೂಕದ್ದಲ್ಲ

ಸಿಕ್ಕ ತಪ್ಪುಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕಿದರೆ ವಿಮರ್ಶೆ ಜಗಳಗಂಟಿಯಾಗುತ್ತದೆ. ಮೂರು ಗುಂಪು ಮಾಡಿ: ಕಣ್ಣಿಗೆ ಮಾತ್ರ ತಾಗುವ ತಪ್ಪು, ಕಥೆಯ ಸತ್ವ ಕುಗ್ಗಿಸುವ ತಪ್ಪು, ಜನರಿಗೆ ಅನ್ಯಾಯ ಮಾಡುವ ತಪ್ಪು.

1995ರ 'ಬ್ರೇವ್‌ಹಾರ್ಟ್' ಇದಕ್ಕೆ ಒಳ್ಳೆಯ ಮಾದರಿ. ಇಂಗ್ಲಿಷರ ವಿರುದ್ಧ ಕಾದಾಡಿದ ಸ್ಕಾಟ್ ವೀರ ವಿಲಿಯಂ ವಾಲೇಸ್‌ನ ಕಥೆ ಇದು. ಶ್ರೇಷ್ಠ ಚಿತ್ರವೂ ಸೇರಿ ಐದು ಆಸ್ಕರ್ ಪಡೆದ ಈ ಚಿತ್ರದ ಯುದ್ಧದೃಶ್ಯಗಳ ಕಸುವನ್ನು ಯಾರೂ ಅಲ್ಲಗಳೆಯಲಾರರು. ಸಾಲುಗಳು ಎದುರುಬದುರು ನಿಂತು ಕಾಯುವ ಮೌನ, ಒಮ್ಮೆಗೇ ಬಡಿದುಕೊಳ್ಳುವ ಅಬ್ಬರ ಎರಡೂ ಮೈಗೆ ತಟ್ಟುತ್ತವೆ. ಅದರಲ್ಲಿ 13ನೇ ಶತಮಾನದ ಸ್ಕಾಟರು ಕಿಲ್ಟ್ ಎಂಬ ನೆರಿಗೆಲಂಗ ಉಟ್ಟಿದ್ದಾರೆ. ಆ ಉಡುಪಿನ ಮೂಲರೂಪ ಬಳಕೆಗೆ ಬಂದದ್ದೇ 16ನೇ ಶತಮಾನದಲ್ಲಿ. ಇದು ಮೊದಲ ಗುಂಪಿನ ತಪ್ಪು. ಓದುಗರಿಗೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಬಹುದು.

ಎರಡನೆಯದು ಹಾಗಲ್ಲ. 1297ರ ಸೆಪ್ಟೆಂಬರಿನ ಸ್ಟರ್ಲಿಂಗ್ ಸೇತುವೆಯ ಕಾಳಗದಲ್ಲಿ ವಿಲಿಯಂ ವಾಲೇಸ್ ಮತ್ತು ಆಂಡ್ರ್ಯೂ ಮೊರೆ ಗೆದ್ದದ್ದು ಇಕ್ಕಟ್ಟಾದ ಸೇತುವೆಯಿಂದಾಗಿ. ಇಂಗ್ಲಿಷ್ ಸೇನೆಯ ಒಂದು ಭಾಗ ಮಾತ್ರ ಹೊಳೆ ದಾಟುವ ತನಕ ಕಾದು, ದಾಟಿದವರನ್ನು ಉಳಿದವರಿಂದ ಕಡಿದು, ಹಿಂದೆ ಸರಿಯಲೂ ಆಗದಂತೆ ಹೊಡೆದರು. ಚಿತ್ರದಲ್ಲಿ ಆ ಸೇತುವೆಯೇ ಇಲ್ಲ. ಕಾಳಗ ಬಯಲಿನಲ್ಲಿ ನಡೆಯುತ್ತದೆ. ಎಷ್ಟು ಜನ ದಾಟಲಿ, ಯಾವಾಗ ನುಗ್ಗಲಿ ಎಂದು ಕಾಯುವ ಆ ಉಸಿರುಗಟ್ಟುವ ಹೊತ್ತು, ದೊಡ್ಡ ಸೈನ್ಯವನ್ನು ಸಣ್ಣ ಸೈನ್ಯ ಬುದ್ಧಿಯಿಂದ ಮಣಿಸಿದ ಕ್ರಮ ಎರಡೂ ಹೋಗಿ, ಗೆಲುವಿಗೆ ಧೈರ್ಯ ಮತ್ತು ಉದ್ದನೆಯ ಈಟಿಗಳು ಮಾತ್ರ ಕಾರಣವಾಗುತ್ತವೆ. ಇತಿಹಾಸವೇ ಕೊಟ್ಟಿದ್ದ ಅಡಚಣೆಯನ್ನು ಕೈಬಿಟ್ಟದ್ದರಿಂದ ಆದ ನಷ್ಟ ಇದು.

ಮೂರನೆಯದಕ್ಕೂ ಇಲ್ಲೇ ಉದಾಹರಣೆಯಿದೆ. ಚಿತ್ರದಲ್ಲಿ ವಾಲೇಸ್‌ನನ್ನು ಪ್ರೀತಿಸುವ ಫ್ರಾನ್ಸಿನ ರಾಜಕುಮಾರಿ ಇಸಾಬೆಲಾ ಹುಟ್ಟಿದ್ದು 1295ರ ಸುಮಾರಿಗೆ. 1305ರಲ್ಲಿ ವಾಲೇಸ್ ಗಲ್ಲಿಗೇರಿದಾಗ ಅವಳಿಗೆ ಹತ್ತರ ಪ್ರಾಯ, ಇಂಗ್ಲೆಂಡಿಗೆ ಬಂದದ್ದು 1308ರ ಮದುವೆಯ ನಂತರ. ಅವಳ ಹೊಟ್ಟೆಯಲ್ಲಿರುವ ರಾಜವಂಶದ ಮಗುವಿನ ತಂದೆ ವಾಲೇಸನೇ ಎಂಬಷ್ಟರ ಮಟ್ಟಿಗೆ ಕಲ್ಪನೆ ಕೈಚಾಚಿದಾಗ ಅದು ನಿಜವಾಗಿ ಬದುಕಿದ್ದವರ ಹೆಸರಿನ ಪ್ರಶ್ನೆಯಾಗುತ್ತದೆ. ಇಬ್ಬರು ಮೂವರು ನಿಜ ವ್ಯಕ್ತಿಗಳನ್ನು ಸೇರಿಸಿ ಒಂದು ಪಾತ್ರ ಮಾಡುವುದು, ಮೂರು ವರ್ಷದ ಘಟನೆಯನ್ನು ಮೂರು ತಿಂಗಳಿಗೆ ಇಳಿಸುವುದು ಇವೆಲ್ಲ ಚಿತ್ರಕಥೆಯ ಒಪ್ಪಿತ ಸಲಕರಣೆಗಳು. ಅವನ್ನು ಈ ಮೂರನೇ ಗುಂಪಿಗೆ ಸೇರಿಸಬೇಡಿ.

ನಾಯಕ ಯುದ್ಧದಲ್ಲಿ ಶಿರಸ್ತ್ರಾಣ ತೊಡದಿರುವುದೂ ಹಾಗೆಯೇ. ಮುಖ ಕಾಣಬೇಕು, ಸರಿ. ಆದರೆ ಕಾಳಗದ ಮೊದಲ ಅರ್ಧದಲ್ಲಿ ತೊಟ್ಟು, ಏಟು ಬಿದ್ದು ಅದು ಕಳಚಿಹೋದಂತೆ ತೋರಿಸುವ ಚಿತ್ರಗಳಿವೆ. ಅನಿವಾರ್ಯತೆಯನ್ನೇ ಕಥೆಗೆ ಪೋಣಿಸಿದ ಜಾಣ್ಮೆ ಅದು. ಕಂಡರೆ ತಪ್ಪದೆ ಬರೆಯಿರಿ.

ಕಣ್ಣು, ಕಿವಿ, ಮಾತು

ಸೆಟ್ಟು, ಬಟ್ಟೆಯ ವೈಭವ ನೋಡಿ ಮರುಳಾಗುವುದು ಸುಲಭ. ಕಥೆ ಬಡಕಲಾಗಿದ್ದು ಅರಮನೆ ಮಾತ್ರ ಝಗಮಗಿಸುವ ಚಿತ್ರಗಳಿಗೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಸರಿಯಾಗಿ ಒಪ್ಪುತ್ತದೆ. ಬಟ್ಟೆ ಸುಂದರವಾಗಿದೆಯೇ ಎಂದು ಕೇಳುವ ಬದಲು ಬದಲಾಗುತ್ತಿದೆಯೇ ಎಂದು ಕೇಳಿ. ಹತ್ತು ದಿನದ ಪಯಣದ ನಂತರ ಅಂಚು ಕೊಳೆಯಾಗಿದೆಯೇ, ಹರಿದದ್ದು ಹೊಲಿದಿದೆಯೇ? ಮಧ್ಯಯುಗ ಎಂದಕೂಡಲೇ ಎಲ್ಲರಿಗೂ ಮಣ್ಣುಬಣ್ಣದ ಚಿಂದಿ ತೊಡಿಸುವುದೂ ಒಂದು ಚಟ. ಬೇರು, ಎಲೆ, ಹೂವಿನ ಬಣ್ಣಗಳಿಂದ ಆಗಿನವರು ಕೆಂಪು, ನೀಲಿ, ಹಳದಿ ಧಾರಾಳವಾಗಿ ಉಡುತ್ತಿದ್ದರು. ಪ್ರಾಚೀನ ಗ್ರೀಕ್, ರೋಮನ್ ಪ್ರತಿಮೆಗಳೂ ಬಿಳಿಯಾಗಿರಲಿಲ್ಲ, ಅವಕ್ಕೆ ಬಣ್ಣ ಬಳಿದಿರುತ್ತಿತ್ತು.

ಗ್ರಾಫಿಕ್ಸ್‌ನ ಗುಂಪನ್ನು ಪತ್ತೆಹಚ್ಚಲು ಕಾಲಿನ ಬುಡ ನೋಡಿ. ದೂಳು ಗೊರಸಿನಿಂದ ಏಳುತ್ತಿದೆಯೇ, ಮೇಲೆ ತೇಲುತ್ತಿದೆಯೇ? ನೆರಳುಗಳೆಲ್ಲ ಒಂದೇ ದಿಕ್ಕಿಗಿವೆಯೇ? 1970ರ 'ವಾಟರ್‌ಲೂ' ಚಿತ್ರಕ್ಕೆ ಸೋವಿಯತ್ ಸೇನೆಯ ಸುಮಾರು 15,000 ಸೈನಿಕರನ್ನು ಬಳಸಲಾಗಿತ್ತು. ಅಲ್ಲಿನ ವೈಮಾನಿಕ ಶಾಟ್‌ಗಳಲ್ಲಿ ಸಾಲುಗಳು ಕೊಂಚ ವಕ್ರವಾಗುವುದು, ಕುದುರೆಗಳು ಹಿಂಜರಿಯುವುದು ಕಾಣುತ್ತದೆ. ಆ ಅಂಕುಡೊಂಕೇ ಜೀವ. ಗ್ರಾಫಿಕ್ಸ್ ಬಳಸಿದ್ದಾರೆ ಎಂಬುದಕ್ಕೇ ಅಂಕ ಕಳೆಯಬೇಡಿ, ಆ ಅಂಕುಡೊಂಕು ಉಳಿದಿದೆಯೇ ಎಂದಷ್ಟೇ ನೋಡಿ.

ಆಮೇಲೆ ಕಣ್ಣು ಮುಚ್ಚಿ ಐದು ನಿಮಿಷ ಕೇಳಿ. ಚರ್ಮ, ಮರದ ಒರೆಯಿಂದ ಕತ್ತಿ ತೆಗೆದರೆ "ಶಿಂಗ್" ಎಂಬ ಲೋಹದ ಝೇಂಕಾರ ಬರುವುದಿಲ್ಲ. ಇದು ರೂಢಿಯಾಗಿಬಿಟ್ಟ ಸುಳ್ಳು, ಮನ್ನಿಸಬಹುದು. ಮನ್ನಿಸಲಾಗದ್ದು ಎಡೆಬಿಡದ ಹಿನ್ನೆಲೆ ಸಂಗೀತ. ಪ್ರತಿ ಕಾಳಗಕ್ಕೂ ನಗಾರಿ ಬಾರಿಸುತ್ತಲೇ ಇದ್ದರೆ ಉಸಿರಾಟ, ಹೆಜ್ಜೆ, ಹಗ್ಗದ ಕಿರುಗುಟ್ಟುವಿಕೆ ಎಲ್ಲ ಮುಳುಗಿ ಅಪಾಯದ ಅರಿವೇ ಹೊರಟುಹೋಗುತ್ತದೆ.

ಸಂಭಾಷಣೆಯಲ್ಲಿ ಹಳೆಗಾಲದ ಭಾಷೆ ಬೇಕೆಂದೇನಿಲ್ಲ. ಗಡಿಯಾರವೇ ಇರದ ಕಾಲದಲ್ಲಿ "ಎರಡು ನಿಮಿಷ ಕೊಡು" ಎಂದಾಗ ಮಾತ್ರ ಕಿವಿ ಚುರುಕಾಗುತ್ತದೆ. ಅದಕ್ಕಿಂತ ದೊಡ್ಡ ದೋಷ ಆಲೋಚನೆಯದು. ನಾಯಕ ಮಾತ್ರ ಇಂದಿನವರಂತೆ ಯೋಚಿಸುತ್ತ, ಉಳಿದವರೆಲ್ಲ ಮೂಢರಾಗಿದ್ದರೆ ಅವನಿಗೆ ಗೆಲ್ಲಲು ಕಷ್ಟವೇ ಇಲ್ಲ. ಖಳನಿಗೂ ತನ್ನ ಕಾಲದ ನ್ಯಾಯ ಇರಬೇಕು. ಅವನ ಕಡೆಯಿಂದ ಕಥೆಯನ್ನು ಎರಡು ವಾಕ್ಯದಲ್ಲಿ ಹೇಳಿ ನೋಡಿ. ಹೇಳಲು ಏನೂ ಸಿಗದಿದ್ದರೆ ಚಿತ್ರದ ದೊಡ್ಡ ದೌರ್ಬಲ್ಯ ಸಿಕ್ಕಿತೆಂದೇ ಲೆಕ್ಕ.

ಅಂಕ ಹಾಕಿ, ಬರೆಯುವುದು

ನೂರಕ್ಕೆ ಹಂಚುವುದಾದರೆ ಕಥೆಗೆ 30, ಆಕ್ಷನ್‌ಗೆ 25, ಆ ಕಾಲವನ್ನು ಕಟ್ಟಿಕೊಟ್ಟ ರೀತಿಗೆ 20, ಪಾತ್ರ ಮತ್ತು ಅಭಿನಯಕ್ಕೆ 15, ದೃಶ್ಯ ಮತ್ತು ಧ್ವನಿಗೆ 10 ಇಟ್ಟುಕೊಳ್ಳಬಹುದು. ಒಟ್ಟು ಮೊತ್ತವನ್ನು ಮಾತ್ರ ಓದುಗರ ಮುಂದಿಡಬೇಡಿ. 62 ಪಡೆದ ಎರಡು ಚಿತ್ರಗಳಲ್ಲಿ ಒಂದು ಒಳ್ಳೆಯ ಕಥೆಯ ಬಡ ನಿರ್ಮಾಣವಿರಬಹುದು, ಇನ್ನೊಂದು ಕಥೆಯಿಲ್ಲದ ಮೆರವಣಿಗೆಯಿರಬಹುದು.

ಬರೆಯುವಾಗ ಪ್ರತಿ ಮೆಚ್ಚುಗೆಗೂ ಒಂದು ದೃಶ್ಯ, ಪ್ರತಿ ಆಕ್ಷೇಪಕ್ಕೂ ಒಂದು ಕಾರಣ ಇರಲಿ. "ಆಕ್ಷನ್ ಚೆನ್ನಾಗಿದೆ" ಎಂದು ಬಿಟ್ಟರೆ ಏನೂ ಹೇಳಿದಂತಾಗಲಿಲ್ಲ. "ಸೇತುವೆಯ ಕಾಳಗದಲ್ಲಿ ಕ್ಯಾಮೆರಾ ಅಲುಗದೆ ನಿಲ್ಲುತ್ತದೆ, ಒಬ್ಬೊಬ್ಬ ಕಾವಲುಗಾರ ಬಿದ್ದಾಗಲೂ ಉಳಿದವರೆಷ್ಟು ಎಂಬುದು ನಮಗೆ ತಿಳಿದಿರುತ್ತದೆ" ಎಂದರೆ ಓದುಗರ ಕಣ್ಣಿಗೆ ಕಟ್ಟುತ್ತದೆ. "ಕೆಲವರಿಗೆ ಇಷ್ಟವಾಗಬಹುದು, ಕೆಲವರಿಗೆ ಆಗದಿರಬಹುದು" ಎಂಬ ಅಡ್ಡಗೋಡೆಯ ಮೇಲಿನ ದೀಪ ಬೇಡ. ಯಾರಿಗೆ, ಯಾಕೆ ಎಂದು ಬರೆಯಿರಿ. ಕಥೆಯ ತಿರುವುಗಳಲ್ಲಿ ಮೊದಲ ಮೂರನೇ ಒಂದು ಭಾಗದ್ದನ್ನು ಮಾತ್ರ ಬಿಚ್ಚಿಡಿ. ಐತಿಹಾಸಿಕ ಘಟನೆಯ ಅಂತ್ಯ ಪುಸ್ತಕದಲ್ಲಿದ್ದರೂ, ಚಿತ್ರ ಅದನ್ನು ಹೇಗೆ ಮುಟ್ಟುತ್ತದೆ ಎಂಬುದು ಗುಟ್ಟಾಗಿಯೇ ಇರಲಿ. 600ರಿಂದ 800 ಪದ ಸಾಕು.

ಪ್ರಕಟಿಸುವ ಮೊದಲು ನೀವು ನೋಡಿದ ಆವೃತ್ತಿ ಯಾವುದು, ಎಷ್ಟು ನಿಮಿಷದ್ದು ಎಂದು ತಪ್ಪದೆ ನಮೂದಿಸಿ. 2005ರ 'ಕಿಂಗ್‌ಡಮ್ ಆಫ್ ಹೆವನ್' ಚಿತ್ರಮಂದಿರಕ್ಕೆ ಬಂದದ್ದು 144 ನಿಮಿಷದಲ್ಲಿ. ಆಮೇಲೆ ಬಂದ ನಿರ್ದೇಶಕರ ಆವೃತ್ತಿ ಅದಕ್ಕಿಂತ ಸುಮಾರು 45 ನಿಮಿಷ ಉದ್ದ, ಜೆರುಸಲೇಮಿನ ರಾಣಿ ಸಿಬಿಲಾಳ ಪುಟ್ಟ ಮಗನ ಕಥೆಯೇ ಅದರಲ್ಲಿ ಮರಳಿ ಬಂತು. ಮೊದಲ ಆವೃತ್ತಿಯಲ್ಲಿ ಅವಳ ನಡತೆಗೆ ಕಾರಣ ಸಾಲದು ಎಂದು ಬರೆದವರು ಸರಿಯಾಗಿಯೇ ಬರೆದಿದ್ದರು, ಎರಡನೆಯದನ್ನು ನೋಡಿದವರಿಗೆ ಆ ಮಾತು ಅರ್ಥವೇ ಆಗಲಿಲ್ಲ. ಸೆಕೆಂಡಿಗೆ 25 ಫ್ರೇಮಿನ ಪಾಲ್ ಎಂಬ ಟಿವಿ ಮಾದರಿಯ ಡಿವಿಡಿಯಲ್ಲಿ ನೋಡಿದ್ದರೆ 24 ಫ್ರೇಮಿನ ಚಿತ್ರ ನೂರಕ್ಕೆ ನಾಲ್ಕರಷ್ಟು ಬೇಗ ಓಡುತ್ತದೆ, 150 ನಿಮಿಷದ್ದು 144ಕ್ಕೆ ಮುಗಿಯುತ್ತದೆ. ಆಗ ನೀವು ಗುರುತು ಹಾಕಿಕೊಂಡ ನಿಮಿಷಗಳನ್ನೂ ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕು.